ಗೋವಾದ ಗಾಂಜಾ ಪ್ರಸ್ತಾವ: ಪರವಾನಗಿ ಯಾರಿಗೆ, ಹೊಣೆ ಯಾರ ಮೇಲೆ?

2020ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಗೋವಾ ರಾಜ್ಯದಿಂದ ಒಂದು ಸುದ್ದಿ ಹೊರಬಿದ್ದಿತು. ಔಷಧ ತಯಾರಿಕೆಗಾಗಿ ಗಾಂಜಾ ಗಿಡವನ್ನು ನಿಯಂತ್ರಿತ ರೀತಿಯಲ್ಲಿ ಬೆಳೆಯಲು ಅನುಮತಿ ನೀಡುವ ಪ್ರಸ್ತಾವವೊಂದು ಸರ್ಕಾರದ ಮುಂದಿದೆ, ಕಾನೂನು ಇಲಾಖೆ ಅದನ್ನು ಪರಿಶೀಲಿಸಿ ಒಪ್ಪಿದೆ ಎಂಬುದೇ ಆ ಸುದ್ದಿ. ಅಂದಿನ ಕಾನೂನು ಸಚಿವ ನಿಲೇಶ್ ಕಾಬ್ರಾಲ್ ಅದನ್ನು ದೃಢಪಡಿಸಿದರು. ಪ್ರಸ್ತಾವದ ಮೂಲ ಜಮ್ಮುವಿನಲ್ಲಿರುವ ಭಾರತೀಯ ಸಮಗ್ರ ವೈದ್ಯ ಸಂಸ್ಥೆಯದು. ಅದು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ ಪ್ರಯೋಗಾಲಯ. ವಿರೋಧ ಪಕ್ಷವಾದ ಕಾಂಗ್ರೆಸ್ ಪ್ರಸ್ತಾವವನ್ನು ಖಂಡಿಸಿತು. ಇನ್ನೂ ಯಾವ ನಿರ್ಧಾರವನ್ನೂ ಕೈಗೊಂಡಿಲ್ಲವೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಸ್ಪಷ್ಟನೆ ಕೊಟ್ಟರು. ಪ್ರಸ್ತಾವ ಮುಂದೆ ಸಾಗಲಿಲ್ಲ.

ಆ ಚರ್ಚೆಯಲ್ಲಿ ಎರಡು ದನಿಗಳು ಕೇಳಿಬಂದವು. ಕಡಲತೀರದ ಮಾದಕ ದ್ರವ್ಯ ವ್ಯವಹಾರದಿಂದ ಈಗಾಗಲೇ ಕೆಟ್ಟ ಹೆಸರು ಹೊತ್ತ ನಾಡಿಗೆ ಇದು ಮತ್ತೊಂದು ಕಳಂಕ, ಯುವಜನರಿಗೆ ಅಪಾಯ ಎಂಬುದು ಒಂದು. ನೋವು, ಅಪಸ್ಮಾರ, ಕ್ಯಾನ್ಸರ್ ಚಿಕಿತ್ಸೆಯ ತೊಂದರೆಗಳಿಗೆ ಈ ಗಿಡದಿಂದ ಔಷಧ ದೊರೆಯುವುದಾದರೆ ತಡೆಯುವುದೇಕೆ ಎಂಬುದು ಇನ್ನೊಂದು. ಎರಡೂ ಕಡೆಗಣಿಸುವಂಥವಲ್ಲ. ಆದರೆ ಒಂದು ಗಿಡ ಉದ್ಯಮವಾದಾಗ ಕೇಳಲೇಬೇಕಾದ ಪ್ರಶ್ನೆಗಳು ಬೇರೆಯೂ ಇವೆ: ಪರವಾನಗಿಯ ಒಡೆಯ ಯಾರು, ಹೊಲದಲ್ಲಿ ಮತ್ತು ಕಾರ್ಖಾನೆಯಲ್ಲಿ ದುಡಿಯುವವರು ಯಾರು, ತಪ್ಪಾದರೆ ಕಾನೂನಿನ ಕೈ ಯಾರ ಕೊರಳಿಗೆ ಬೀಳುತ್ತದೆ? ಚರ್ಚೆ ಈ ಪ್ರಶ್ನೆಗಳನ್ನು ತಲುಪುವ ಮೊದಲೇ ಮುಗಿದುಹೋಯಿತು. ಅವು ಏಕೆ ಮುಖ್ಯವೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದೇ ಗಿಡ, ಹಲವು ಹೆಸರು

ಭಾಷೆಯ ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದದ್ದು ಹೆಸರುಗಳನ್ನು. ನಮ್ಮ ಆಡುಮಾತಿನಲ್ಲಿ ಗಿಡಕ್ಕೂ ಗಾಂಜಾ ಎನ್ನುತ್ತೇವೆ, ಸೇದುವ ವಸ್ತುವಿಗೂ ಗಾಂಜಾ ಎನ್ನುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಪತ್ರಿಕೆಗಳು ಎನ್‌ಡಿಪಿಎಸ್ ಕಾಯ್ದೆಯೆಂದು ಕರೆಯುವ 1985ರ ಮಾದಕ ದ್ರವ್ಯ ಕಾಯ್ದೆಯ ಪ್ರಕಾರ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಭಾಗ ಮಾತ್ರ ಗಾಂಜಾ. ಗಿಡದಿಂದ ತೆಗೆದ ರಾಳ ಚರಸ್. ತುದಿಯೊಡನೆ ಕೂಡಿರದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. ಎಲೆಯಿಂದ ಮಾಡುವುದೇ ಭಂಗಿ. 2022ರ ಆಗಸ್ಟ್‌ನಲ್ಲಿ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ನೀಡುವಾಗ ಕರ್ನಾಟಕ ಉಚ್ಚ ನ್ಯಾಯಾಲಯ ಈ ವ್ಯಾಖ್ಯೆಯನ್ನೇ ಆಧರಿಸಿತು.

ಇಲ್ಲೊಂದು ಅನುವಾದದ ತೊಡಕೂ ಇದೆ. ಅಮಲಿನ ಅಂಶ ತೀರ ಕಡಿಮೆಯಿರುವ, ನಾರಿಗಾಗಿ ಬೆಳೆಯುವ ಇದೇ ಗಿಡದ ತಳಿಗಳಿವೆ. ಅವುಗಳನ್ನು ಕೆಲವರು ಕನ್ನಡದಲ್ಲಿ ‘ಸೆಣಬು’ ಎಂದು ಬರೆಯುತ್ತಾರೆ. ಆದರೆ ನಮ್ಮ ರೈತರು ಸೆಣಬು ಎನ್ನುವುದು ಹಸಿರೆಲೆ ಗೊಬ್ಬರಕ್ಕೂ ಹಗ್ಗಕ್ಕೂ ಬಳಸುವ ಬೇರೆಯೇ ಸಸ್ಯಕ್ಕೆ. ಒಂದು ಪದ ಆಚೀಚೆಯಾದರೆ ಅಪರಾಧವು ಬೇಸಾಯವಾಗಿ, ಬೇಸಾಯವು ಅಪರಾಧವಾಗಿ ಕಾಣಬಹುದು.

ರಾಜ್ಯದ ಕೈಯಲ್ಲಿರುವ ಅಧಿಕಾರ

ಕೇಂದ್ರದ ಕಾಯ್ದೆಯೊಂದು ನಿಷೇಧಿಸಿರುವುದನ್ನು ಗೋವಾ ಹೇಗೆ ಅನುಮತಿಸಬಲ್ಲದು ಎಂಬ ಸಂದೇಹ ಸಹಜ. ಉತ್ತರ ಆ ಕಾಯ್ದೆಯೊಳಗೇ ಇದೆ. 8ನೆಯ ಪ್ರಕರಣ ಕೃಷಿ, ಮಾರಾಟ, ಸಾಗಣೆಗಳನ್ನು ನಿಷೇಧಿಸುತ್ತದೆ, ಆದರೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಬಾಗಿಲು ತೆರೆದಿಡುತ್ತದೆ. 10ನೆಯ ಪ್ರಕರಣದಂತೆ, ಚರಸ್ಸನ್ನು ಬಿಟ್ಟು, ಈ ಗಿಡದ ಕೃಷಿ ಮತ್ತು ವ್ಯವಹಾರಕ್ಕೆ ನಿಯಮ ರೂಪಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ನಾರು ಮತ್ತು ಬೀಜಕ್ಕಾಗಿ ಬೆಳೆಯುವುದಕ್ಕೆ 14ನೆಯ ಪ್ರಕರಣ ಬೇರೆ ದಾರಿ ತೋರಿಸುತ್ತದೆ. ಆ ದಾರಿಯಲ್ಲಿ 2018ರಲ್ಲಿ ಉತ್ತರಾಖಂಡ ಪರವಾನಗಿ ನೀಡಿತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ನಿಯಮ ರೂಪಿಸುವ ಅಧಿಕಾರ ಸರ್ಕಾರದ್ದಾದ್ದರಿಂದ ಹೊಸ ಮಸೂದೆಯೊಂದು ಸದನದಲ್ಲಿ ಚರ್ಚೆಗೆ ಬರಲೇಬೇಕೆಂದಿಲ್ಲ. ಯಾರಿಗೆ ಪರವಾನಗಿ, ಎಷ್ಟು ಶುಲ್ಕ, ಯಾವ ಷರತ್ತು ಎಂಬುದೆಲ್ಲ ಇಲಾಖೆಯ ಕಡತದಲ್ಲೇ ತೀರ್ಮಾನವಾಗಬಹುದು. ಆದ್ದರಿಂದ ಸಾರ್ವಜನಿಕ ಚರ್ಚೆ ವಿವರಗಳಿಗೆ ಇಳಿಯುವುದು ಇಲ್ಲಿ ಹೆಚ್ಚು ಅಗತ್ಯ.

ಒಡೆತನದ ಪ್ರಶ್ನೆ

ಪರವಾನಗಿಯ ಒಡೆತನ ನಮ್ಮ ಉಪಖಂಡಕ್ಕೆ ಹೊಸ ಪ್ರಶ್ನೆಯಲ್ಲ. 1893ರಲ್ಲಿ ಬ್ರಿಟಿಷ್ ಆಡಳಿತ ಈ ಗಿಡದ ಬಳಕೆಯ ಬಗ್ಗೆ ಒಂದು ಆಯೋಗವನ್ನು ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಆಯೋಗ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಪರವಾನಗಿಗಳ ಮೂಲಕ ನಿಯಂತ್ರಿಸುವುದೇ ಮೇಲು ಎಂದಿತು. ಆ ವ್ಯವಸ್ಥೆಯಡಿ ಬಂಗಾಳದ ನೌಗಾಂವ್ ಪ್ರದೇಶದಲ್ಲಿ ಸರ್ಕಾರದ ಮೇಲ್ವಿಚಾರಣೆಯಲ್ಲಿ ಗಾಂಜಾ ಬೆಳೆಯಲಾಗುತ್ತಿತ್ತು. 1917ರಲ್ಲಿ ಅಲ್ಲಿನ ಬೆಳೆಗಾರರು ಸಹಕಾರ ಸಂಘವೊಂದನ್ನು ಕಟ್ಟಿಕೊಂಡು ಬೆಳೆಯ ವ್ಯಾಪಾರವನ್ನು ದಲ್ಲಾಳಿಗಳ ಕೈಯಿಂದ ಬಿಡಿಸಿ ತಮ್ಮ ಕೈಗೆ ತೆಗೆದುಕೊಂಡರು. ಇಂದು ಬಾಂಗ್ಲಾದೇಶದಲ್ಲಿರುವ ಆ ಊರಿನ ಉದಾಹರಣೆ ಒಂದು ಸಂಗತಿಯನ್ನು ತೋರಿಸುತ್ತದೆ: ಕಾನೂನುಬದ್ಧ ಬೆಳೆಯ ಲಾಭ ಬೆಳೆದವನಿಗೆ ಸಲ್ಲುವುದು ತಾನಾಗಿ ಆಗುವ ಕೆಲಸವಲ್ಲ, ಅದಕ್ಕೆ ಸಂಘಟನೆ ಬೇಕು.

ಗೋವಾಕ್ಕೆ ತನ್ನದೇ ಆದ ಹೋಲಿಕೆಯೂ ಇದೆ. ಕಡಲತೀರದಲ್ಲಿ ಋತುಮಾನಕ್ಕೆ ತಕ್ಕಂತೆ ಎದ್ದೇಳುವ ಊಟ, ಪಾನೀಯಗಳ ಗುಡಿಸಲುಗಳನ್ನು ಅಲ್ಲಿ ಶ್ಯಾಕ್ ಎನ್ನುತ್ತಾರೆ. ಇವುಗಳ ಪರವಾನಗಿ ಗೋವಾದವರಿಗೇ ದೊರೆಯಬೇಕು, ಅವರು ಅದನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡಬಾರದು ಎಂಬುದು ಸರ್ಕಾರದ ನೀತಿ. ಹಾಗಿದ್ದೂ ಒಳಗುತ್ತಿಗೆಯ ದೂರುಗಳು ನಿಂತಿಲ್ಲ. ಒಂದು ಗುಡಿಸಲಿನ ಒಡೆತನವನ್ನು ಕಾಯುವುದೇ ಇಷ್ಟು ಕಷ್ಟವಾದರೆ, ಬೇಲಿ, ಕಾವಲು, ಪ್ರಯೋಗಾಲಯಗಳಿಗೆ ದೊಡ್ಡ ಬಂಡವಾಳ ಬೇಡುವ ಔಷಧ ಬೆಳೆಯಲ್ಲಿ ಸಣ್ಣ ಹಿಡುವಳಿದಾರ ಉಳಿದುಕೊಳ್ಳಬಲ್ಲನೇ? ಅಮೆರಿಕದ ನ್ಯೂಯಾರ್ಕ್ ರಾಜ್ಯ 2021ರಲ್ಲಿ ಕಾನೂನು ಮಾಡಿದಾಗ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಹಳೆಯ ನಿಷೇಧದಿಂದ ಹೆಚ್ಚು ನೊಂದ ಸಮುದಾಯಗಳು, ಸಂಕಷ್ಟದಲ್ಲಿರುವ ರೈತರು ಮೊದಲಾದವರಿಗೆ ಅರ್ಧದಷ್ಟು ಪರವಾನಗಿಗಳು ಸಿಗಬೇಕೆಂಬ ಗುರಿಯನ್ನು ಕಾನೂನಿನಲ್ಲೇ ಬರೆಯಿತು. ಗುರಿ ಮುಟ್ಟುವುದು ಬೇರೆ ಮಾತು, ಬರೆದಿಟ್ಟರೆ ಕೇಳುವುದಕ್ಕಾದರೂ ಆಧಾರವಿರುತ್ತದೆ.

ದುಡಿಯುವ ಸ್ಥಳದ ಪ್ರಶ್ನೆ

ಕನ್ನಡ ಓದುಗರಿಗೆ ಹತ್ತಿರದ ಪ್ರಶ್ನೆ ಇದು. 2011ರ ಜನಗಣತಿಯ ಪ್ರಕಾರ ಗೋವಾದ ಜನರಲ್ಲಿ ಶೇ. 4ಕ್ಕಿಂತ ಹೆಚ್ಚು ಮಂದಿಯ ತಾಯ್ನುಡಿ ಕನ್ನಡ. ವಾಸ್ಕೋ, ಝುವಾರಿನಗರಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಅನೇಕರು ಕಟ್ಟಡ ಕೆಲಸ, ಹಮಾಲಿ, ಹೋಟೆಲು ಕೆಲಸಗಳಲ್ಲಿದ್ದಾರೆ. ಹೊಸ ಉದ್ಯಮ ಬಂದರೆ ಕೂಲಿಗೆ ಹೋಗುವವರಲ್ಲಿ ಇವರೂ ಇರುತ್ತಾರೆ.

ಎನ್‌ಡಿಪಿಎಸ್ ಕಾಯ್ದೆ ಸಾಮಾನ್ಯ ಕಾಯ್ದೆಯಂತಲ್ಲ. ಅನುಮತಿಯಿಲ್ಲದೆ ಗಿಡ ಬೆಳೆದರೆ 10 ವರ್ಷಗಳವರೆಗೆ ಕಠಿಣ ಸೆರೆವಾಸ. ಗಾಂಜಾದ ತೂಕ 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ 10ರಿಂದ 20 ವರ್ಷ, ಜಾಮೀನು ಬಹು ದುರ್ಲಭ. ವಶದಲ್ಲಿ ಸಿಕ್ಕಿದ ವಸ್ತುವಿಗೆ ತೃಪ್ತಿಕರ ವಿವರಣೆ ಕೊಡದಿದ್ದರೆ ಆರೋಪಿಯೇ ತಪ್ಪಿತಸ್ಥನೆಂದು ನ್ಯಾಯಾಲಯ ಊಹಿಸಬಹುದು. ಈಗ ಪರವಾನಗಿ ಪಡೆದ ಹೊಲದಿಂದ ಹೊರಟ ಲಾರಿಯೊಂದನ್ನು ಕಲ್ಪಿಸಿಕೊಳ್ಳಿ. ಪರವಾನಗಿ ಕಂಪನಿಯ ಹೆಸರಿನಲ್ಲಿದೆ. ಚೀಲ ಹೇರಿದವನ ಬಳಿ ಒಂದು ಚೀಟಿಯೂ ಇಲ್ಲ. ಕಂಪನಿ ಷರತ್ತು ಮೀರಿದ್ದರೆ ಮೊದಲು ಪೊಲೀಸರ ಕೈಗೆ ಸಿಗುವವನು ಲಾರಿಯಲ್ಲಿದ್ದವನೇ. ಕಂಪನಿಯ ಅಪರಾಧಕ್ಕೆ ಅದರ ಹೊಣೆಗಾರರನ್ನು ಗುರಿಮಾಡುವ ಪ್ರಕರಣ ಕಾಯ್ದೆಯಲ್ಲಿ ಇದೆಯಾದರೂ, ತಮಗೆ ತಿಳಿಯದೆ ನಡೆಯಿತೆಂದು ಸಾಧಿಸಿ ಪಾರಾಗುವ ಅವಕಾಶವೂ ಅದರಲ್ಲೇ ಇದೆ. ಆದ್ದರಿಂದ ಕೆಲಸಗಾರನಿಗೆ ಗುರುತಿನ ಪತ್ರ, ಸಾಗಣೆಗೆ ಸ್ಪಷ್ಟ ದಾಖಲೆ, ಒಳ್ಳೆಯ ನಂಬಿಕೆಯಿಂದ ದುಡಿದವನಿಗೆ ರಕ್ಷಣೆ ಇವೆಲ್ಲ ನಿಯಮದ ಮೊದಲ ಪುಟದಲ್ಲೇ ಇರಬೇಕಾದವು.

ಸಣ್ಣ ಮಾಲೀಕನೂ ನಿಶ್ಚಿಂತನಲ್ಲ. ತನ್ನ ಜಾಗದಲ್ಲಿ ಇಂಥ ಅಪರಾಧ ನಡೆಯಲು ತಿಳಿದೂ ಬಿಟ್ಟವನು 25ನೆಯ ಪ್ರಕರಣದಂತೆ ಆ ಅಪರಾಧದ ಶಿಕ್ಷೆಗೇ ಗುರಿಯಾಗುತ್ತಾನೆ. ಶ್ಯಾಕ್ ನಡೆಸುವವರು, ಕೋಣೆ ಬಾಡಿಗೆಗೆ ಕೊಡುವವರು ನೆನಪಿಡಬೇಕಾದ ಮಾತಿದು.

ಮುಂದೆ ವೈದ್ಯರ ಚೀಟಿಯಂತೆ ಈ ಔಷಧ ಸೇವಿಸುವ ನೌಕರನ ವಿಷಯವೂ ಬರುತ್ತದೆ. ಅಮಲು ಇಳಿದ ಎಷ್ಟೋ ದಿನಗಳ ಮೇಲೂ ಅದರ ಗುರುತು ಮೂತ್ರ ಪರೀಕ್ಷೆಯಲ್ಲಿ ಸಿಗುತ್ತದೆ. ಕೆಲಸದ ವೇಳೆ ಮತ್ತೇರಿದ್ದಾನೆಯೇ ಎಂಬುದು ಒಂದು ಪ್ರಶ್ನೆ, ದೇಹದಲ್ಲಿ ಗುರುತಿದೆಯೇ ಎಂಬುದು ಇನ್ನೊಂದು. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ಜಾರಿಗೆ ತಂದ ಕಾನೂನು, ಕೆಲವು ಉದ್ಯೋಗಗಳನ್ನು ಬಿಟ್ಟು, ಬರಿಯ ಗುರುತಿನ ಆಧಾರದ ಮೇಲೆ ನೌಕರನನ್ನು ಶಿಕ್ಷಿಸುವುದನ್ನು ತಡೆಯಿತು. ಕೆಲಸದ ಹೊತ್ತಿನಲ್ಲಿ ಮತ್ತೇರಿರುವುದಕ್ಕೆ ಅದು ರಕ್ಷಣೆ ಕೊಡುವುದಿಲ್ಲ.

ಗೋವಾದಲ್ಲಿ ನಿಂತ ಚರ್ಚೆ ಹಿಮಾಚಲ ಪ್ರದೇಶದಲ್ಲಿ ಮುಂದುವರಿದಿದೆ. ಅಲ್ಲಿನ ವಿಧಾನಸಭೆ 2024ರಲ್ಲಿ ನಿಯಂತ್ರಿತ ಕೃಷಿಯನ್ನು ಕುರಿತ ಸಮಿತಿಯ ವರದಿಯನ್ನು ಅಂಗೀಕರಿಸಿತು. 10ನೆಯ ಪ್ರಕರಣದ ಅಧಿಕಾರ ಕರ್ನಾಟಕಕ್ಕೂ ಇದೆ. ನಾಳೆ ಅಂಥದೊಂದು ಕರಡು ರಾಜ್ಯಪತ್ರದಲ್ಲಿ ಕನ್ನಡದಲ್ಲಿ ಪ್ರಕಟವಾದರೆ, ಗಾಂಜಾ, ಭಂಗಿ, ಸೆಣಬು ಎಂಬ ಮೂರು ಪದಗಳು ಅಲ್ಲಿ ಯಾವ ಅರ್ಥದಲ್ಲಿವೆ, ‘ಪರವಾನಗಿದಾರ’ ಎಂಬ ಪದದೊಳಗೆ ಕೂಲಿಕಾರನೂ ಸೇರುತ್ತಾನೆಯೇ ಎಂದು ಓದಿ ಹೇಳುವವರು ಬೇಕಾಗುತ್ತಾರೆ. ಪದದ ಅರ್ಥವ್ಯಾಪ್ತಿಯನ್ನು ಅಳೆಯುವ ಅಭ್ಯಾಸವನ್ನು ನಾವು ತರಗತಿಯಲ್ಲಿ ಶಾಸನಗಳ ಮೇಲೆ, ಕಾವ್ಯಗಳ ಮೇಲೆ ಮಾಡುತ್ತೇವೆ. ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿಯುವುದರೊಳಗೆ ಅದೇ ಅಭ್ಯಾಸವನ್ನು ಆ ಕರಡಿನ ಮೇಲೂ ನಡೆಸಬಹುದು.