ಜೇಬುಚಾಕು: ಎಲ್ಲಿಯ ಮಾಲು?

ಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳುವ ಚಾಕುವಿನಂಥ ಅಲ್ಪ ಪದಾರ್ಥವನ್ನು ಕುರಿತು ಮಾತನಾಡುವುದಕ್ಕೆ ಏನಿದೆ ಎಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಬಹುದು. ಸೀಸದ ಕಡ್ಡಿಯನ್ನು ಹೆರೆಯುವುದಕ್ಕೆ, ಹಣ್ಣು ಹೆಚ್ಚುವುದಕ್ಕೆ, ಗಂಟುಬಿದ್ದ ಹುರಿಯನ್ನು ಕೊಯ್ಯುವುದಕ್ಕೆ ಬೇಕಾದಾಗ ಮಾತ್ರ ನೆನಪಿಗೆ ಬರತಕ್ಕ ವಸ್ತು ಅದು. ಆದರೂ ಅಂಗಡಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡವನು ಅಲಗನ್ನು ಬಿಚ್ಚಿ ನೋಡುವುದಕ್ಕೆ ಮೊದಲೇ ಕೇಳುವ ಪ್ರಶ್ನೆ, "ಇದು ಎಲ್ಲಿಯ ಮಾಲು?" ಎಂಬುದು. ಬಕೆಟ್ಟನ್ನೋ ಬೀಗವನ್ನೋ ಕೊಳ್ಳುವಾಗ ಇಷ್ಟು ನಿಷ್ಠುರವಾಗಿ ಯಾರೂ ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ. ಪರದೇಶದ್ದೆಂದರೆ ಒಬ್ಬನಿಗೆ ಕಣ್ಣರಳುತ್ತದೆ; ಸ್ವದೇಶದ್ದೆಂದರೆ ಇನ್ನೊಬ್ಬನಿಗೆ ಕರ್ತವ್ಯ ಜ್ಞಾಪಕಕ್ಕೆ ಬರುತ್ತದೆ. ಇಬ್ಬರೂ ಅಲಗಿನ ಮೇಲೆ ಒತ್ತಿದ ಊರಿನ ಹೆಸರನ್ನು ಓದುತ್ತಾರೆಯೇ ಹೊರತು ಅಲಗನ್ನು ಪರೀಕ್ಷಿಸುವುದಿಲ್ಲ. ಆ ಹೆಸರಿಗೆ ನಾವು ಎಷ್ಟು ಬೆಲೆ ಕೊಡಬೇಕೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮಡಿಸುವ ಚಾಕುವಿನಲ್ಲಿ ಅಲಗು, ಅದರ ಬುಡವನ್ನು ಒತ್ತಿ ಹಿಡಿಯುವ ಬೆನ್ನಿನ ಕಮಾನು, ಅಲಗು ತಿರುಗುವ ಮೊಳೆ, ಎರಡು ಪಕ್ಕದ ಹಿಡಿ, ಇಷ್ಟೇ ಇರುವುದು. ಗುಣವೆಲ್ಲ ಅಡಗಿರುವುದು ಉಕ್ಕಿನಲ್ಲಿ ಮತ್ತು ಅದಕ್ಕೆ ಕೊಟ್ಟ ಹದದಲ್ಲಿ. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಅದನ್ನು ಪುನಃ ಮೆಲ್ಲಗೆ ಕಾಯಿಸಿ, ಉಜ್ಜಿದ ಮೈಮೇಲೆ ಒಣಹುಲ್ಲಿನ ಬಣ್ಣ ಮೂಡುವ ವೇಳೆಗೆ ನಿಲ್ಲಿಸಿದರೆ ಅಲಗಿಗೆ ಹದ. ನೀಲಿಯ ಬಣ್ಣ ಬರುವವರೆಗೆ ಕಾಯಿಸಿದರೆ ಕಮಾನಿಗೆ ಹದ. ಗಡುಸು ಮಿತಿಮೀರಿದರೆ ಬಾಯಿ ಮುಕ್ಕಾಗುತ್ತದೆ, ಮೆತ್ತಗಾದರೆ ವಾರಕ್ಕೊಮ್ಮೆ ಸಾಣೆ ಹಿಡಿಸಬೇಕಾಗುತ್ತದೆ. ತುಕ್ಕು ಹಿಡಿಯದ ಉಕ್ಕು ಬಂದಮೇಲೆ ಕಮ್ಮಾರನ ಕಣ್ಣಿನ ಕೆಲಸವನ್ನು ಬಹುಮಟ್ಟಿಗೆ ಕುಲುಮೆಯ ಉಷ್ಣಮಾಪಕವೇ ಮಾಡುತ್ತದೆ. ತತ್ತ್ವ ಮಾತ್ರ ಅದೇ. ಈ ವಿದ್ಯೆಗೆ ಯಾವ ದೇಶದ ಹಂಗೂ ಇಲ್ಲ. ಆದರೆ ಒಂದು ಊರಿನಲ್ಲಿ ನೂರಾರು ಮನೆಗಳವರು ತಲೆತಲಾಂತರದಿಂದ ಇದೊಂದೇ ಕೆಲಸವನ್ನು ಮಾಡುತ್ತ ಬಂದರೆ, ಕ್ರಮೇಣ ಆ ಊರಿನ ಹೆಸರೇ ಹದದ ಹೆಸರಾಗಿ ಬಿಡುತ್ತದೆ. ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಇವುಗಳ ಕೀರ್ತಿಗೆ ಕಾರಣ ಇದೇ.

ಕನ್ನಡಿಗರಾದ ನಮಗೆ ಇಲ್ಲಿ ಒಂದು ಸ್ವಾರಸ್ಯವುಂಟು. ಹಿಂದೂದೇಶದಿಂದ ಹೋದ ಒಂದು ಬಗೆಯ ಉಕ್ಕಿಗೆ ಯೂರೋಪಿನವರು ವೂಟ್ಸ್ ಎಂದು ಹೆಸರಿಟ್ಟರು. ಅದು ನಮ್ಮ ಉಕ್ಕು ಎಂಬ ಮಾತಿನ ವಿಕಾರವೇ ಇರಬೇಕೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಈ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಒಪ್ಪಿಸಿದನು. ಅವನಿಗೆ ನೆರವಾದ ಸ್ಟೊಡಾರ್ಟ್ ಎಂಬ ಚಾಕು ತಯಾರಕನು ಆ ಉಕ್ಕಿನ ತುಂಡನ್ನು ಬಡಿದು ಲೇಖನಿ ಕೆತ್ತುವ ಒಂದು ಸಣ್ಣ ಚಾಕುವನ್ನೇ ಮಾಡಿ ನೋಡಿದನು. ಬಡಿಯುವುದು ಬಹು ಪ್ರಯಾಸವಾಯಿತು. ಅಲಗು ಮಾತ್ರ ಅಲ್ಲಿಯ ಉತ್ತಮ ಚಾಕುಗಳಿಗೆ ಸರಿಸಮವಾಗಿ ಕತ್ತರಿಸಿತು. ಇದಾದ ಕೆಲವೇ ವರ್ಷಗಳಲ್ಲಿ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ನನು ಇಲ್ಲಿಯ ಜನ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನಿಟ್ಟು ಉಕ್ಕು ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ. ಇಂಥ ನಾಡಿನಲ್ಲಿ ಮುಂದಿನ ಶತಮಾನದ ಕೊನೆಗೆ ವಿದ್ಯಾವಂತನ ಜೇಬಿನಲ್ಲಿ ಇರಲೇಬೇಕಾದದ್ದು ಷೆಫೀಲ್ಡಿನ ಚಾಕುವಾಯಿತು. ಅಗ್ಗದ ಪರದೇಶದ ಉಕ್ಕು ಬಂತು, ಕಾಡಿನ ಇದ್ದಲು ದುರ್ಲಭವಾಯಿತು, ಮೂಸೆಯ ಒಲೆಗಳು ಆರಿದವು. ಇದರಲ್ಲಿ ಕೊಳ್ಳುವವರ ಪಾಲೂ ಇದ್ದೇ ಇತ್ತು.

ಆದರೆ ಸ್ವದೇಶದ ವಸ್ತುವನ್ನು ಅಸಡ್ಡೆಮಾಡುವ ಗುಣ ನಮ್ಮದೊಂದೇ ಸೊತ್ತೆಂದು ತಿಳಿಯಬಾರದು. 1740ರ ಸುಮಾರಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು, ಗಡಿಯಾರದ ಕಮಾನುಗಳಿಗೆ ಒಳ್ಳೆಯ ಉಕ್ಕು ಸಿಕ್ಕದೆ ಬೇಸತ್ತು, ಷೆಫೀಲ್ಡಿನ ಬಳಿ ಮೂಸೆಗಳಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಕಂಡುಹಿಡಿದನು. ಮುಂದಿನ ಕಥೆಯನ್ನು ಷೆಫೀಲ್ಡಿನವರು ಪರಂಪರೆಯಿಂದ ಹೀಗೆ ಹೇಳುತ್ತಾರೆ. ಊರಿನ ಚಾಕು ತಯಾರಕರು, ಇದು ತೀರ ಗಡುಸು, ನಮ್ಮ ಸುತ್ತಿಗೆಗೆ ಒಗ್ಗುವುದಿಲ್ಲ ಎಂದು ಅದನ್ನು ಮುಟ್ಟಲಿಲ್ಲ. ಹಂಟ್ಸ್‌ಮನ್ನನು ಅದನ್ನು ಫ್ರಾನ್ಸಿಗೆ ಮಾರಿದನು. ಸ್ವಲ್ಪ ಕಾಲದಲ್ಲಿಯೇ ಆ ಉಕ್ಕಿನಿಂದ ಮಾಡಿದ ಫ್ರೆಂಚ್ ಚಾಕುಗಳು ಇಂಗ್ಲೆಂಡಿನ ಪೇಟೆಗೆ ಬಂದು ಷೆಫೀಲ್ಡಿನ ಮಾಲನ್ನು ಮೂಲೆಗೊತ್ತುವಂತಾಯಿತು. ಆಗ ಆ ತಯಾರಕರು ಮಾಡಿದ್ದೇನು? ತಾವು ಆ ಉಕ್ಕನ್ನು ಕೊಳ್ಳುತ್ತೇವೆ ಎನ್ನಲಿಲ್ಲ. ಅದನ್ನು ಹೊರಕ್ಕೆ ಕಳುಹಿಸದಂತೆ ಸರ್ಕಾರದವರು ತಡೆಯಬೇಕೆಂದು ಅರ್ಜಿಹಾಕಲು ಹೊರಟರು. ಆ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ ವಿಧಿಯಿಲ್ಲದೆ ಅದೇ ಉಕ್ಕನ್ನು ಹಿಡಿದರು. ಷೆಫೀಲ್ಡಿಗೆ ಜಗತ್ಪ್ರಸಿದ್ಧಿ ಬಂದದ್ದು ಅದರಿಂದಲೇ.

ಹೀಗೆ ಗಳಿಸಿದ ಕೀರ್ತಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಲಿಂಗೆನ್ನಿನಿಂದ ಪೆಟ್ಟು ಬಿತ್ತು. ಅಲ್ಲಿಯ ಅಗ್ಗದ ಚಾಕುಗಳ ಮೇಲೆ ಷೆಫೀಲ್ಡಿನ ಹೆಸರನ್ನೇ ಒತ್ತಿ ಮಾರುತ್ತಿದ್ದಾರೆಂದು ಕೂಗೆದ್ದಿತು; ಆ ಕೂಗಿನಲ್ಲಿ ಸತ್ಯವೂ ಇತ್ತು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕಿನ ಗುರುತುಗಳನ್ನು ಕುರಿತು ಒಂದು ಶಾಸನವನ್ನು ಮಾಡಿ, ಅಂಥ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರೂ ಇರಬೇಕೆಂದು ವಿಧಿಸಿತು. ಆ ಮುದ್ರೆಯನ್ನು ಕಂಡು ಜನ ಮುಖ ತಿರುಗಿಸಿಕೊಳ್ಳುವರೆಂದು ಎಣಿಸಿದ್ದರು. ಫಲ ವಿಪರೀತವಾಯಿತು. ಜರ್ಮನರು ಸರಕನ್ನು ತಿದ್ದಿಕೊಂಡರು. ಜನರೂ ಮುದ್ರೆಯನ್ನು ನೋಡಿ ನೋಡಿ, ಇದೂ ಜರ್ಮನಿಯದೇ, ಅದೂ ಜರ್ಮನಿಯದೇ, ಎರಡೂ ಚೆನ್ನಾಗಿವೆ ಎಂದುಕೊಂಡರು. ಅವಮಾನಕ್ಕೆಂದು ಹಾಕಿಸಿದ ಮುದ್ರೆ ಬಿರುದಾಯಿತು. ಕೊನೆಗೆ 1938ರಲ್ಲಿ ಜೋಲಿಂಗೆನ್ ಎಂಬ ಹೆಸರನ್ನು ಪರರು ಕದಿಯದಂತೆ ಜರ್ಮನರೇ ಶಾಸನ ಮಾಡಿಕೊಳ್ಳಬೇಕಾಯಿತು!

ಸ್ವದೇಶಿ ಚಾಕುವಿಗಾಗಿ ಹಟ ಹಿಡಿದು ಗೆದ್ದವರ ಕಥೆ ಬೇಕೆಂದರೆ ಸ್ವಿಟ್ಜರ್ಲೆಂಡಿನ ಕಡೆಗೆ ನೋಡಬೇಕು. ಸುಮಾರು 1890ರಲ್ಲಿ ಆ ದೇಶದ ಸೈನ್ಯದವರು ಪ್ರತಿ ಸಿಪಾಯಿಗೂ ಒಂದೊಂದು ಮಡಿಸುವ ಚಾಕುವನ್ನು ಕೊಡಲು ನಿಶ್ಚಯಿಸಿದರು. ಅದರಲ್ಲಿ ಅಲಗಿನ ಜತೆಗೆ ಡಬ್ಬಿ ತೆರೆಯುವ ಸಾಧನ, ತೂತು ಕೊರೆಯುವ ಉಳಿ, ಹೊಸ ಬಂದೂಕವನ್ನು ಬಿಚ್ಚಿ ಜೋಡಿಸುವ ತಿರುಪುಳಿ ಇರಬೇಕು. ಇಷ್ಟು ಚಾಕುಗಳನ್ನು ಒದಗಿಸುವ ಶಕ್ತಿ ಸ್ವದೇಶದ ಯಾರಿಗೂ ಇರಲಿಲ್ಲವಾಗಿ, ಮೊದಲ ಕಂತು ಜೋಲಿಂಗೆನ್ನಿನಿಂದ ಬಂತು. ಷ್ವೀಟ್ಸ್ ಪ್ರಾಂತದ ಈಬಾಕ್ ಎಂಬ ಹಳ್ಳಿಯಲ್ಲಿ 1884ರಲ್ಲಿ ಚಾಕುವಿನ ಕಾರ್ಯಾಗಾರವನ್ನು ತೆರೆದಿದ್ದ ಕಾರ್ಲ್ ಎಲ್ಸೆನರನಿಗೆ ಇದು ಸಹಿಸಲಿಲ್ಲ. ತನ್ನ ವೃತ್ತಿಯವರನ್ನು ಕೂಡಿಸಿ ಸಂಘ ಕಟ್ಟಿ 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿದನು. ಆದರೆ ಜೋಲಿಂಗೆನ್ನಿನ ಯಂತ್ರಗಳು ಅದೇ ಚಾಕುವನ್ನು ಕಡಮೆ ಬೆಲೆಗೆ ಕೊಡಬಲ್ಲವಾಗಿದ್ದುವು. ಸಂಗಡಿಗರು ಒಬ್ಬೊಬ್ಬರಾಗಿ ಕೈಬಿಟ್ಟರು. ಎಲ್ಸೆನರನು ಒಬ್ಬನೇ ಉಳಿದು ಸಾಲದಲ್ಲಿ ಮುಳುಗಿದನು.

ಅವನು ಮೇಲೆದ್ದದ್ದು ದೇಶಭಕ್ತಿಯ ಹೆಸರು ಹೇಳಿ ಅಲ್ಲ. 1897ರಲ್ಲಿ ಇನ್ನೊಂದು ಚಾಕುವನ್ನು ಮಾಡಿ ಹಕ್ಕು ಕಾಯಿದಿರಿಸಿಕೊಂಡನು. ಒಂದೇ ಕಮಾನು ಎರಡು ಕಡೆಯ ಸಾಧನಗಳನ್ನೂ ಹಿಡಿಯುವಂತೆ ಮಾಡಿದ್ದರಿಂದ, ಎರಡೇ ಕಮಾನುಗಳಲ್ಲಿ ಆರು ಸಾಧನಗಳು ಅಡಗಿದವು. ಚಾಕು ಹಗುರವೂ ಆಯಿತು, ಅಂದವೂ ಆಯಿತು. ಇದಕ್ಕೆ ಅಧಿಕಾರಿಗಳ ಚಾಕು ಎಂದು ಹೆಸರು. ವಿನೋದವೇನೆಂದರೆ, ಸೈನ್ಯದವರು ಇದನ್ನು ಸರ್ಕಾರದ ಖರ್ಚಿನಲ್ಲಿ ಕೊಳ್ಳಲೇ ಇಲ್ಲ. ಅಧಿಕಾರಿಗಳು ಸ್ವಂತ ಹಣ ತೆತ್ತು ಕೊಂಡರು. ಇಂದು ಪ್ರಪಂಚವೆಲ್ಲ ಬಲ್ಲ ಕೆಂಪು ಹಿಡಿಯ ಸ್ವಿಸ್ ಚಾಕುವಿನ ಮೂಲ ಇದು. ಎಲ್ಸೆನರನ ತಾಯಿ ವಿಕ್ಟೋರಿಯ 1909ರಲ್ಲಿ ತೀರಿಕೊಂಡಾಗ ಆಕೆಯ ಹೆಸರನ್ನೇ ಸರಕಿಗೆ ಇಟ್ಟರು. 1921ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ಇನಾಕ್ಸ್ ಎಂಬ ಮಾತು ಸೇರಿ ವಿಕ್ಟೋರಿನಾಕ್ಸ್ ಆಯಿತು.

ನಮ್ಮಲ್ಲಿಯೂ 1905ರ ಸ್ವದೇಶಿ ಚಳವಳಿಯ ಕಾಲದಲ್ಲಿ ಇಂಥ ಉತ್ಸಾಹ ಉಕ್ಕಿತು. ಬಂಗಾಳದ ಬರ್ದ್ವಾನಿನ ಬಳಿಯ ಕಾಂಚನನಗರದ ಚಾಕು ಕತ್ತರಿಗಳಿಗೆ ಒಳ್ಳೆಯ ಹೆಸರಿತ್ತು. ಪಂಜಾಬಿನ ವಜೀರಾಬಾದಿನಲ್ಲಿ ಕುಶಲರಾದ ಕೆಲಸಗಾರರಿದ್ದರು. ರಾಮಪುರದ ಚಾಕುವಿಗೂ ಖ್ಯಾತಿ ಉಂಟಾಯಿತು, ಪಾಪ, ಹಿಂದೀ ಚಿತ್ರಗಳ ಪುಂಡರ ಕೈಗೆ ಸಿಕ್ಕಿ ಅದು ಅಪಖ್ಯಾತಿಯಾಯಿತು. ಕೈಯ ಕೌಶಲಕ್ಕೆ ನಮ್ಮಲ್ಲಿ ಕೊರತೆ ಇರಲಿಲ್ಲವೆಂಬುದಕ್ಕೆ ಇಷ್ಟು ಸಾಕು. ನಮ್ಮ ದೃಷ್ಟಿಯಲ್ಲಿ ಕೊರತೆ ಇದ್ದದ್ದು ಕೊಳ್ಳುವವರ ನಡತೆಯಲ್ಲಿ. ಒಂದು ಪಂಗಡದವರು ಸ್ವದೇಶದ್ದನ್ನು ನೋಡದೆಯೇ ತಿರಸ್ಕರಿಸಿದರು; ಇನ್ನೊಂದು ಪಂಗಡದವರು ನೋಡದೆಯೇ ಪುರಸ್ಕರಿಸಿದರು. ಈ ಎರಡನೆಯವರಿಂದ ಕಮ್ಮಾರನಿಗೆ ಒಂದು ಹೊತ್ತಿನ ಅನ್ನ ದೊರೆತಿರಬಹುದು, ತಿದ್ದುಪಾಡು ದೊರೆಯಲಿಲ್ಲ. ಭಕ್ತಿಯಿಂದ ಕೊಂಡ ಚಾಕುವಿನ ಮೊಳೆ ಸಡಿಲವಾದಾಗ ಅದನ್ನು ಬಾಯಿಬಿಟ್ಟು ಹೇಳದೆ, ಮುಂದಿನ ಸಲ ಸದ್ದಿಲ್ಲದೆ ಪರದೇಶದ್ದನ್ನು ಕೊಂಡವರು ಬಹು ಮಂದಿ. ಚಾಕುವನ್ನು ಹಿಂದಕ್ಕೆ ಒಯ್ದು, "ಇಲ್ಲಿ ನೋಡಪ್ಪ, ಕಮಾನು ಸೋತಿದೆ, ಸರಿಮಾಡಿಕೊಡು" ಎಂದು ಕೇಳುವ ಗಿರಾಕಿಯೇ ಕೆಲಸಗಾರನಿಗೆ ಗುರು.

ಇನ್ನು ಸ್ವದೇಶವೆಂದರೆ ಯಾವುದು ಎಂಬುದೇ ಒಂದು ತೊಡಕು. ಷೆಫೀಲ್ಡಿನ ಉತ್ತಮ ಉಕ್ಕಿಗೆ ಮೂಲವಾದ ಕಬ್ಬಿಣ ಸ್ವೀಡನ್ನಿನಿಂದ ಬರುತ್ತಿತ್ತು. ಸ್ವಿಸ್ ಚಾಕುವಿನ ಉಕ್ಕು ಜರ್ಮನಿ ಫ್ರಾನ್ಸುಗಳಿಂದ ಬರುತ್ತದೆ. ಸ್ವದೇಶದ್ದೆಂಬುದು ಅಲ್ಲಿ ಕೆಲಸ, ಕೂಲಿ, ಹೊಣೆ ಇವಿಷ್ಟೇ. 2008ರಲ್ಲಿ ಸ್ವಿಸ್ ಸೈನ್ಯದವರು ಹೊಸ ಮಾದರಿಯ ಚಾಕುವನ್ನು ಕೊಳ್ಳುವಾಗ, ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿಗೆ ಅನುಸಾರವಾಗಿ ಪರದೇಶದವರಿಗೂ ಟೆಂಡರು ಹಾಕುವ ಅವಕಾಶ ಕೊಡಬೇಕಾಯಿತು. ಸ್ವಿಸ್ ಸೈನ್ಯದ ಚಾಕು ಚೀನಾದಿಂದ ಬಂದೀತೆ ಎಂದು ಆ ದೇಶದಲ್ಲಿ ಗದ್ದಲವೆದ್ದಿತು. ಕೊನೆಗೆ ಈಬಾಕಿನ ಮನೆಗೇ ಕೆಲಸ ದೊರೆಯಿತು. ಇತ್ತ ಚೀನಾದ ಯಾಂಗ್‌ಜಿಯಾಂಗ್ ಎಂಬ ನಗರದಲ್ಲಿ ತೀರ ಅಗ್ಗದ ಚಾಕುಗಳೂ ತಯಾರಾಗುತ್ತವೆ, ಬಹು ಉತ್ತಮವಾದುವೂ ತಯಾರಾಗುತ್ತವೆ. ಚೀನಾದ ಮಾಲೆಂದು ಮೂಗು ಮುರಿಯುವವರು ಜೋಲಿಂಗೆನ್ನಿನ ಪೂರ್ವಚರಿತ್ರೆಯನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಆದುದರಿಂದ ಅಂಗಡಿಯಲ್ಲಿ ಚಾಕು ಕೈಗೆ ಬಂದಾಗ ಹೆಸರನ್ನು ಕೊನೆಗೆ ಓದತಕ್ಕದ್ದು. ಮೊದಲು ಅಲಗನ್ನು ಬಿಚ್ಚಿ ಪಕ್ಕಪಕ್ಕಕ್ಕೆ ಅಲುಗಿಸಬೇಕು. ಮೊಳೆಯ ಬಳಿ ಕದಲಬಾರದು. ತೆರೆಯುವಾಗಲೂ ಮುಚ್ಚುವಾಗಲೂ ಕಮಾನು ಟಕ್ಕೆಂದು ಉತ್ತರ ಕೊಡಬೇಕು. ಬೆಳಕಿಗೆ ಹಿಡಿದರೆ ಕಮಾನಿಗೂ ಪಕ್ಕದ ತಗಡಿಗೂ ನಡುವೆ ಸಂದು ಕಾಣಬಾರದು. ಮುಚ್ಚಿದಾಗ ಅಲಗಿನ ಬಾಯಿ ಒಳಗೆ ಎಲ್ಲಿಯೂ ಬಡಿಯಬಾರದು. ಎರಡು ಚಾಕುಗಳು ಈ ಪರೀಕ್ಷೆಯಲ್ಲಿ ಸಮವಾಗಿ ನಿಂತರೆ, ಬೆಲೆ ನಾಲ್ಕು ಕಾಸು ಹೆಚ್ಚಾದರೂ ನಾವು ಸ್ವದೇಶದ್ದನ್ನೇ ಕೊಳ್ಳುವೆವು. ಅದನ್ನು ಮಾಡಿದವನ ಬಾಗಿಲಿಗೆ ಹೋಗಿ ದೂರು ಹೇಳಬಹುದು. ಐದು ವರ್ಷದ ಮೇಲೆ ಮೊಳೆ ಸಡಿಲವಾದರೆ ಬಡಿದು ಬಿಗಿಮಾಡಿಕೊಡುವುದಕ್ಕೂ ಅವನೇ ಇರುತ್ತಾನೆ.