ಉತ್ತರನ ಸಾರಥಿ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಮಾತಿನಲ್ಲಿಯೇ ಕೌರವಸೇನೆಯನ್ನು ಸವರಿಹಾಕಿದ ವಿರಾಟನ ಮಗ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡತೊಡಗಿದ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಈ ಸಂದರ್ಭ ಬಂದಾಗ ನಗದ ತರಗತಿಯನ್ನು ನಾನು ಕಂಡಿಲ್ಲ. ಕೊನೆಯ ಬೆಂಚಿನವರೂ ಅಂದು ತಲೆಯೆತ್ತಿ ಕೂರುತ್ತಾರೆ. ಆದರೆ ನಗೆಯ ಭರದಲ್ಲಿ ಒಂದು ಸಂಗತಿ ನಮ್ಮ ಕಣ್ತಪ್ಪುತ್ತದೆ. ಓಡುವವನ ಹಿಂದೆ ಅವನ ಸಾರಥಿಯೂ ಓಡಿದ. ಹಿಡಿದು ತಂದು ಮತ್ತೆ ರಥದಲ್ಲಿ ಕೂರಿಸಿದ. ರಣರಂಗಕ್ಕೆ ಹೊಸಬನಾದವನನ್ನು ಹಳಬನೊಬ್ಬ ಹೇಗೆ ನಡೆಸಿಕೊಂಡನೆಂಬುದೇ ಆ ಕಥೆಯ ತಿರುಳು.

ಇದೇ ಪ್ರಶ್ನೆ ಈಗ ನಮ್ಮ ಹುಡುಗರ ಅಂಗೈಯಲ್ಲಿ ಬಂದು ಕುಳಿತಿದೆ. ಬೀದರ ನಗರದ ಓಣಿಯ ಕಟ್ಟೆಗಳ ಮೇಲೆ, ಭಾಲ್ಕಿಯ ರೈಲು ನಿಲ್ದಾಣದ ಬೆಂಚಿನಲ್ಲಿ, ಔರಾದಿನ ಬಸ್ ನಿಲ್ದಾಣದ ನೆರಳಿನಲ್ಲಿ ಮೂರು ನಾಲ್ಕು ಮಂದಿ ತರುಣರು ಮೊಬೈಲನ್ನು ಅಡ್ಡವಾಗಿ ಹಿಡಿದು, ತಲೆ ತಗ್ಗಿಸಿ ಕುಳಿತಿರುವುದನ್ನು ವಾಚಕರು ಕಂಡಿರಬಹುದು. ಅವರು ಓದುತ್ತಿಲ್ಲ, ಹರಟುತ್ತಲೂ ಇಲ್ಲ, ಯುದ್ಧ ಮಾಡುತ್ತಿದ್ದಾರೆ. 2018ರಲ್ಲಿ ಮೊಬೈಲಿಗೆ ಬಂದ ಪಬ್ಜಿ ಆಟವನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಬೇರೆ 117 ಆ್ಯಪ್‌ಗಳೊಡನೆ ನಿಷೇಧಿಸಿತು. 2021ರ ಜುಲೈಯಲ್ಲಿ ಅದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರು ಹೊತ್ತು ಮರಳಿತು. 2022ರ ಜುಲೈಯಲ್ಲಿ ಇನ್ನೊಮ್ಮೆ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಹೆಸರು ಏನೇ ಇರಲಿ, ನಮ್ಮ ಹುಡುಗರ ಬಾಯಲ್ಲಿ ಅದು ಪಬ್ಜಿಯೇ. ಇಂಥ ಆಟಗಳಿಂದ ಓದು ಕೆಟ್ಟಿತು, ನಿದ್ದೆ ಕೆಟ್ಟಿತು ಎಂಬ ದೂರು ಸುಳ್ಳಲ್ಲ. ಅದನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಆಟದ ಒಳಗೆ ಮನುಷ್ಯ ಮನುಷ್ಯನೊಡನೆ ಹೇಗೆ ವರ್ತಿಸುತ್ತಾನೆಂಬುದನ್ನು ಕುರಿತು ಬರೆದವರು ಕಡಿಮೆ. ಈ ವಿಷಯದಲ್ಲಿ ನನಗೆ ಪಾಠ ಹೇಳಿದವರು ನನ್ನ ವಿದ್ಯಾರ್ಥಿಗಳು.

ಆಟದ ನಿಯಮ ಮೇಲ್ನೋಟಕ್ಕೆ ಬಹು ನ್ಯಾಯವಾದುದು. ನೂರು ಮಂದಿ ಒಂದೇ ವಿಮಾನದಿಂದ ಪ್ಯಾರಾಚೂಟ್ ಬಿಚ್ಚಿ ಬರಿಗೈಯಲ್ಲಿ ಒಂದು ನೆಲಕ್ಕೆ ಇಳಿಯುತ್ತಾರೆ. ಎರಂಗೆಲ್ ಎಂಬ ಹೆಸರಿನ ದ್ವೀಪವಾದರೆ ಅದು 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಬಂದೂಕು, ಕವಚ, ಔಷಧಿಗಳೆಲ್ಲ ಅಲ್ಲಿನ ಪಾಳುಮನೆಗಳಲ್ಲಿ ಬಿದ್ದಿರುತ್ತವೆ, ಹುಡುಕಿಕೊಳ್ಳಬೇಕು. ಹೊತ್ತು ಹೋದಂತೆ ಆಟದ ವರ್ತುಲ ಕಿರಿದಾಗುತ್ತದೆ. ಕೊನೆಗೆ ಉಳಿದವರು ಗೆದ್ದವರು. ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲರೂ ಬರಿಗೈಯಲ್ಲಿ ಹೊರಡುವ ಇಂಥ ಸಮಾನತೆ ಬೇರೆಲ್ಲಿ ಉಂಟು ಎನ್ನಿಸುತ್ತದೆ. ಆದರೆ ಹಳಬನ ಕೈ ಬರಿದಾಗಿದ್ದರೂ ತಲೆ ಬರಿದಲ್ಲ. ಯಾವ ಮನೆಯಲ್ಲಿ ಏನು ಸಿಕ್ಕೀತು, ಕೇಳಿದ ಹೆಜ್ಜೆಸಪ್ಪಳ ಯಾವ ಮೆಟ್ಟಿಲಿನದು ಎಂಬುದು ಅವನಿಗೆ ಕರತಲಾಮಲಕ. ಹೊಸಬನಿಗೆ ಬಾಗಿಲು ತೆರೆಯುವುದೇ ಒಂದು ವಿದ್ಯೆ.

ಮೊದಮೊದಲು ಆಟವೇ ಅವನ ಮೇಲೆ ಕರುಣೆ ತೋರುತ್ತದೆ. ಎದುರಾಳಿಗಳಲ್ಲಿ ಬಹಳ ಮಂದಿ ಮನುಷ್ಯರಲ್ಲ, ಗಣಕವೇ ಆಡಿಸುವ ಬೊಂಬೆಗಳು. ಅವಕ್ಕೆ ಬಾಟ್ ಎಂದು ಹೆಸರು. ಅವನ್ನು ಹೊಡೆದುರುಳಿಸಿದ ಹುಡುಗ ತಾನು ಶೂರನೆಂದುಕೊಳ್ಳುತ್ತಾನೆ; ಇದು ಒಲೆಯ ಮುಂದಿನ ಪೌರುಷ. ಕೆಲವು ದಿನಗಳಲ್ಲಿ ನಿಜವಾದ ಹಳಬರು ಎದುರಾಗುತ್ತಾರೆ. ಗುಂಡು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವ ಮೊದಲೇ ಅವನು ನೆಲ ಕಚ್ಚಿರುತ್ತಾನೆ. ಆಗ ಕಿವಿಗೆ ಬೀಳುವುದು ಸ್ವಂತ ತಂಡದವರ ನಗೆ: ‘ನೂಬ್’, ‘ಬಾಟ್’. ಮೊದಲನೆಯದು ಹೊಸಬ ಎಂಬ ಅರ್ಥದ ಇಂಗ್ಲಿಷ್ ಮಾತು ಸವೆದು ಬೈಗುಳವಾದದ್ದು. ಎರಡನೆಯದು ಇನ್ನೂ ಕ್ರೂರ. ನೂಬ್ ಎಂದರೆ ನಿನಗೆ ಆಟ ಬಾರದೆಂದರ್ಥ. ಬಾಟ್ ಎಂದರೆ ನೀನು ಮನುಷ್ಯನೇ ಅಲ್ಲ ಎಂದಂತಾಯಿತು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಕಿವಿಯ ಯಂತ್ರದಲ್ಲಿ ನಡೆಯುವ ಮಾತುಕತೆ ಹೆಚ್ಚಾಗಿ ಹಿಂದಿಯಲ್ಲಿ. ದಖನಿಯಲ್ಲಿ ಬೆಳೆದ ಬೀದರ ನಗರದ ಹುಡುಗನಿಗೆ ಅದು ಹೇಗೋ ದಕ್ಕುತ್ತದೆ. ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತ ಬೆಳೆದವನು ತಡವರಿಸುತ್ತಾನೆ. ಶತ್ರು ಇರುವ ದಿಕ್ಕನ್ನು ದಿಕ್ಸೂಚಿಯ ಅಂಕಿಯಲ್ಲಿ ಒಬ್ಬ ಕೂಗಿದರೆ, ಆ ಅಂಕಿಯನ್ನು ಮನಸ್ಸಿನಲ್ಲಿ ತನ್ನ ನುಡಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅವನ ಉಚ್ಚಾರಣೆಯನ್ನು ಅಣಕಿಸುವವರೂ ಸಿಗುತ್ತಾರೆ. ಅಲ್ಲಿಂದ ಮುಂದೆ ಅವನು ಮೈಕು ಮುಚ್ಚಿ ಮೂಕನಾಗಿ ಆಡುತ್ತಾನೆ. ಆಟ ಸೋತರೆ ಇನ್ನೊಂದು ಆಟವಾಡಬಹುದು. ಮಾತು ಸೋತ ಹುಡುಗನನ್ನು ಮತ್ತೆ ಮಾತಿಗೆ ತರುವುದು ಎಷ್ಟು ಕಷ್ಟವೆಂಬುದನ್ನು ಅಧ್ಯಾಪಕರೆಲ್ಲ ಬಲ್ಲರು.

ಹಳಬನು ಹೀಗೇಕೆ ವರ್ತಿಸುತ್ತಾನೆ? ಅವನು ಹುಟ್ಟಾ ದುಷ್ಟನೆಂದು ನಾನು ನಂಬಲಾರೆ. ಆಟದಲ್ಲಿ ಕಂಚು, ಬೆಳ್ಳಿ, ಚಿನ್ನದಿಂದ ಹಿಡಿದು ಕಾಂಕರರ್ ಎಂಬ ತುತ್ತತುದಿಯವರೆಗೆ ಮೆಟ್ಟಿಲುಗಳಿವೆ. ತಂಡ ಬೇಗ ಸೋತರೆ ಅಂಕ ಕಳೆಯುತ್ತದೆ. ಆದುದರಿಂದ ಪಾಲಿಗೆ ಬಂದ ಹೊಸಬ ಹಳಬನ ಕಣ್ಣಿಗೆ ಒಂದು ನಷ್ಟದ ಬಾಬು. ಅಲ್ಲದೆ ಅಲ್ಲಿ ಮುಖವಿಲ್ಲ, ಊರಿಲ್ಲ. ಸುಳ್ಳು ಹೆಸರಿನ ಮರೆಯಲ್ಲಿ ನಾಲಗೆ ಸಡಿಲವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಸಂಗಕ್ಕೆ ನಾಳೆಯೆಂಬುದಿಲ್ಲ. ನಾಲ್ವರು ಅಪರಿಚಿತರನ್ನು ಯಂತ್ರ ಒಂದುಗೂಡಿಸುತ್ತದೆ. ಅರ್ಧ ಗಂಟೆಯಲ್ಲಿ ಆಟ ಮುಗಿಯುತ್ತದೆ. ಮತ್ತೆ ಯಾರಿಗೆ ಯಾರೋ.

ನಮ್ಮ ಕಡೆಯ ತಾಲೀಮಿನೊಡನೆ ಇದನ್ನು ಹೋಲಿಸಿ ನೋಡಬೇಕು. ತಾಲೀಮಿನಲ್ಲಿಯೂ ಬಲವೇ ಪ್ರಧಾನ. ಆದರೆ ಅಲ್ಲಿ ‘ಜೋರು’ ಬೇರೆ, ಕುಸ್ತಿ ಬೇರೆ. ಜೋರು ಎಂದರೆ ಅಭ್ಯಾಸದ ಹಿಡಿತ. ಅದರಲ್ಲಿ ಹಿರಿಯ ಪೈಲ್ವಾನ ಎಳೆಯನಿಗೆ ತನ್ನ ತೋಳು ಕೊಡುತ್ತಾನೆ, ಪಟ್ಟು ಹಾಕಲು ಬಿಡುತ್ತಾನೆ, ಎಲ್ಲಿ ತಪ್ಪಿತೆಂದು ತೋರಿಸುತ್ತಾನೆ. ಈ ಎಳೆಯ ನಾಳೆಯೂ ಅದೇ ಕೆಮ್ಮಣ್ಣಿಗೆ ಬರುವವನೆಂಬುದು ಅವನಿಗೆ ಗೊತ್ತು. ಮೊಬೈಲಿನ ಆಟದಲ್ಲಿಯೂ ತರಬೇತಿಯ ಮೈದಾನವೊಂದುಂಟು. ಅಲ್ಲಿ ಗುರಿಯಿಡಲು ಹಲಗೆಗಳಿವೆ, ಉಸ್ತಾದನಿಲ್ಲ.

ಇನ್ನು ಹೊಸಬರನ್ನು ಬೇಟೆಯಾಡಲೆಂದೇ ವೇಷ ಹಾಕುವವರಿದ್ದಾರೆ. ಅನುಭವಿ ಆಟಗಾರ ಹೊಸ ಹೆಸರಿನ ಖಾತೆ ತೆರೆದು, ತಾನೂ ನಿನ್ನೆ ಬಂದವನೆಂಬಂತೆ ಕೆಳಗಿನ ಮೆಟ್ಟಿಲಿಗೆ ಇಳಿದು ಎಳೆಯರನ್ನು ಸಾಲಾಗಿ ಕೆಡಹುತ್ತಾನೆ. ಆಟಗಾರರ ಪರಿಭಾಷೆಯಲ್ಲಿ ಇದಕ್ಕೆ ಸ್ಮರ್ಫಿಂಗ್ ಎನ್ನುತ್ತಾರೆ. 1990ರ ದಶಕದಲ್ಲಿ ವಾರ್‌ಕ್ರಾಫ್ಟ್ ಎಂಬ ಆಟದ ಇಬ್ಬರು ನಿಪುಣರು, ತಮ್ಮೊಡನೆ ಆಡಲು ಯಾರೂ ಒಪ್ಪದಿದ್ದಾಗ, ಮಕ್ಕಳ ವ್ಯಂಗ್ಯಚಿತ್ರಗಳ ಸ್ಮರ್ಫ್ ಎಂಬ ಪುಟಾಣಿ ಪಾತ್ರಗಳ ಹೆಸರಿಟ್ಟುಕೊಂಡು ಆಡಿದುದರಿಂದ ಈ ಮಾತು ಹುಟ್ಟಿತೆನ್ನುತ್ತಾರೆ.

ವೇಷವೆಂದರೆ ಬೃಹನ್ನಳೆಯದೂ ವೇಷವೇ ಅಲ್ಲವೆ? ಅವನೂ ಹೆಸರು ಮರೆಸಿದ ಹಳಬ. ಗಾಂಡೀವವನ್ನು ಬನ್ನಿಯ ಮರದಲ್ಲಿಟ್ಟು, ನಾಟ್ಯ ಕಲಿಸುತ್ತ ಕುಳಿತಿದ್ದವನು. ಆ ಮರೆಯಿಂದ ಅವನು ಉತ್ತರನನ್ನು ಗೇಲಿ ಮಾಡಿ ಸುಖಪಡಬಹುದಾಗಿತ್ತು. ಅಥವಾ ಓಡುವವನು ಓಡಲಿ ಎಂದು ಒಬ್ಬನೇ ಕಾದಬಹುದಾಗಿತ್ತು. ಅದರ ಬದಲು ಹಿಡಿದು ತಂದು, ಕಾದಲಾರದವನ ಕೈಗೆ ಅವನಿಂದಾಗುವ ಕೆಲಸವನ್ನು ಕೊಟ್ಟ: ಕುದುರೆಯ ಹಗ್ಗ. ಮರ ಹತ್ತಿ ಆಯುಧಗಳನ್ನು ಇಳಿಸುವ ಕೆಲಸವನ್ನೂ ಅವನಿಗೇ ವಹಿಸಿದ. ಗೆದ್ದ ಮೇಲೆ ಕೀರ್ತಿಯನ್ನು ಉತ್ತರನ ಪಾಲಿಗೇ ಬಿಟ್ಟು, ತಾನು ಮತ್ತೆ ಸಾರಥಿಯಾಗಿ ಊರು ಸೇರಿದ. ಅದೇ ಭಾರತದಲ್ಲಿ ಹಳಬರ ಇನ್ನೊಂದು ನಡತೆಯೂ ಇದೆ: ಚಕ್ರವ್ಯೂಹದಲ್ಲಿ ಹದಿಹರೆಯದ ಅಭಿಮನ್ಯುವನ್ನು ಮಹಾರಥರು ಸುತ್ತುವರಿದು ಕೊಂದರು. ಅಂದು ಗೆದ್ದವರು ಅವರೇ. ಆ ಗೆಲವನ್ನು ಇಂದಿನವರೆಗೆ ಯಾರೂ ಹಾಡಿ ಹೊಗಳಿಲ್ಲ.

ವಿದ್ವಾಂಸರೂ ಈ ಸಮಸ್ಯೆಯನ್ನು ಚಿಂತಿಸಿದ್ದಾರೆ. ಭೌತವಿಜ್ಞಾನಿ ಆರ್ಪಾಡ್ ಏಲೋ ಚದುರಂಗದ ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಕ್ರಮವೊಂದನ್ನು ರೂಪಿಸಿದರು. 1970ರಲ್ಲಿ ವಿಶ್ವ ಚದುರಂಗ ಸಂಸ್ಥೆ ಅದನ್ನು ಅಂಗೀಕರಿಸಿತು. ಸಮಬಲರನ್ನು ಜೋಡಿಸುವ ಇಂದಿನ ಅನೇಕ ಆಟಗಳ ಲೆಕ್ಕಾಚಾರಕ್ಕೆ ಅದೇ ಮೂಲ. ಬ್ರಿಟನ್ನಿನ ರಿಚರ್ಡ್ ಬಾರ್ಟಲ್ 1996ರಲ್ಲಿ ಇಂಥ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆಗೆ ಆಡುವವರು, ಶೋಧನೆಗೆ ಆಡುವವರು, ಸ್ನೇಹಕ್ಕೆ ಆಡುವವರು, ಇತರರನ್ನು ಕಾಡಲೆಂದೇ ಆಡುವವರು. ಕಾಡುವವರ ಸಂಖ್ಯೆ ಮಿತಿಮೀರಿದರೆ ಸ್ನೇಹಕ್ಕೆ ಬಂದವರು ಜಾಗ ಖಾಲಿ ಮಾಡುತ್ತಾರೆಂಬುದು ಅವರ ವಿವೇಚನೆಯ ಒಂದು ಮುಖ್ಯ ಅಂಶ. ಹೊಸಬರನ್ನೆಲ್ಲ ಓಡಿಸಿದ ಹಳಬನಿಗೆ ಕೊನೆಗೆ ಉಳಿಯುವುದು ಬರಿಯ ಬಾಟ್‌ಗಳ ಸಹವಾಸ.

ಆದರೆ ಈ ಕತ್ತಲೆಯಲ್ಲಿ ಬೆಳಕೂ ಉಂಟು. ಅದು ಆಟದ ನಿಯಮದಲ್ಲಿಯೇ ಇದೆ. ತಂಡದಲ್ಲಿ ಒಬ್ಬ ಗುಂಡೇಟಿಗೆ ಬಿದ್ದರೆ ತಕ್ಷಣ ಸಾಯುವುದಿಲ್ಲ, ಮಂಡಿಯೂರಿ ತೆವಳುತ್ತಿರುತ್ತಾನೆ. ಜೊತೆಗಾರನೊಬ್ಬ ಪಕ್ಕದಲ್ಲಿ ಬಗ್ಗಿ ಸುಮಾರು 10 ಸೆಕೆಂಡು ಆರೈಕೆ ಮಾಡಿದರೆ ಮತ್ತೆ ಏಳಬಲ್ಲ. ಆ ಹೊತ್ತಿನಲ್ಲಿ ಆರೈಕೆ ಮಾಡುವವನು ಗುಂಡು ಹಾರಿಸುವಂತಿಲ್ಲ, ಅಲುಗಾಡುವಂತಿಲ್ಲ. ತನ್ನ ಪ್ರಾಣವನ್ನು ಬಯಲಿಗಿಟ್ಟು ಕೂರಬೇಕು. ಅಂಕದ ಲೆಕ್ಕ ನೋಡುವವನು ಬಿದ್ದವನ ಸಾಮಾನು ಬಾಚಿಕೊಂಡು ಹೊರಟುಬಿಡುತ್ತಾನೆ. ಕಟ್ಟೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕುಳಿತ ಹುಡುಗರಲ್ಲಿ ಹೀಗಾಗುವುದನ್ನು ನಾನು ಅಷ್ಟಾಗಿ ಕಂಡಿಲ್ಲ. ‘ಡರ್ ನಕ್ಕೊ, ಮೈ ಆರಂವ್’ ಎಂದು ಒಬ್ಬ, ‘ಹೆದರಬ್ಯಾಡೋ ತಮ್ಮಾ, ನನ್ನ ಹಿಂದ ಬಾ’ ಎಂದು ಇನ್ನೊಬ್ಬ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅದೇ ಆಟ, ಅದೇ ಬಂದೂಕು, ಪಕ್ಕದಲ್ಲಿರುವವನಿಗೆ ಒಂದು ಮುಖವಿದೆ, ಒಂದು ನಾಳೆ ಇದೆ, ವ್ಯತ್ಯಾಸ ಇಷ್ಟೇ.

ಇದನ್ನು ಬರಿಯ ಆಟದ ಮಾತೆಂದು ತಳ್ಳಿಹಾಕದಿರಲು ಕಾರಣವಿದೆ. ಆಟದ ಬೈಗುಳ ಆಟದಲ್ಲಿಯೇ ಉಳಿಯುತ್ತಿಲ್ಲ. ಔರಾದಿನಿಂದಲೋ ಭಾಲ್ಕಿಯ ಹಳ್ಳಿಗಳಿಂದಲೋ ಮೊದಲ ವರ್ಷದ ಪದವಿಗೆ ಬಂದ ಹುಡುಗ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಾಗ ಹಿಂದಿನ ಸಾಲಿನಿಂದ ‘ಬಾಟ್’ ಎಂಬ ಪಿಸುಮಾತು ಬಂದದ್ದನ್ನು ನಾನು ಕೇಳಿದ್ದೇನೆ. ಆ ಹುಡುಗ ಆಮೇಲೆ ಬಹುದಿನ ಬಾಯಿ ತೆರೆಯಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ ರ್‍ಯಾಗಿಂಗನ್ನು ತಡೆಯಲು 2009ರಲ್ಲಿ ನಿಯಮಗಳನ್ನು ಹೊರಡಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡುವ ಕಾಯಿದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕ್ರೀಡೆಯೆಂದ ಮೇಲೆ ಕ್ರೀಡಾಧರ್ಮವೂ ಬೇಕು. ಅದನ್ನು ಕಾಯಿದೆ ತಂದುಕೊಡಲಾರದು, ಹಳಬರೇ ತರಬೇಕು.

ಉತ್ತರನ ಕಥೆ ಗಾದೆಯೊಂದಿಗೆ ಮುಗಿಯುವುದಿಲ್ಲ. ವ್ಯಾಸಭಾರತದ ಭೀಷ್ಮಪರ್ವದಲ್ಲಿ, ಕುರುಕ್ಷೇತ್ರದ ಮೊದಲ ದಿನವೇ, ಆನೆಯೇರಿ ಶಲ್ಯನಂಥ ಹಳಬನಿಗೆ ಎದುರು ನಿಂತವನು ಇದೇ ಉತ್ತರ. ಅಂದು ಅವನು ಮಡಿದ; ಬೆನ್ನು ತೋರಿಸಲಿಲ್ಲ. ಒಲೆಯ ಮುಂದಿನಿಂದ ಅಲ್ಲಿಯವರೆಗಿನ ದಾರಿಯನ್ನು ಅವನು ನಡೆದದ್ದು ಯಾರೋ ಒಬ್ಬರು ಅವನ ಕೈಗೆ ಹಗ್ಗ ಕೊಟ್ಟುದರಿಂದ. ಈ ವರ್ಷವೂ ಔರಾದಿನ ಬಸ್ಸಿನಿಂದ ಇಳಿದು ಬರುವ ಹೊಸ ಹುಡುಗರಿದ್ದಾರೆ. ಅವರ ಕೈಗೆ ಏನು ಕೊಡಬೇಕೆಂಬುದನ್ನು ಎರಡನೆಯ, ಮೂರನೆಯ ವರ್ಷದ ನನ್ನ ವಿದ್ಯಾರ್ಥಿಗಳೂ, ಅವರೊಡನೆ ನಾವು ಅಧ್ಯಾಪಕರೂ ವಿಚಾರ ಮಾಡಬೇಕು.