ಆಯಿಲ್ ಲೈಟ್ ಹತ್ತಿದರೆ ದಪ್ಪ ಆಯಿಲ್ ಹಾಕಿದರೆ ಸಾಕೇ? ಡೀಸೆಲ್ ಪಿಕಪ್ ಇರುವವರು ತಿಳಿಯಬೇಕಾದ್ದು

‘ಪಿಕಪ್‌ನ ಕೆಂಪು ಆಯಿಲ್ ಲೈಟ್ ಮಿಣುಕಿದರೆ ಹೆದರಬೇಡಿ. ಅದು ಸೆನ್ಸರ್ ತೊಂದರೆ. ವೈರ್ ಕಿತ್ತುಬಿಡಿ, ಇಲ್ಲವೇ ದಪ್ಪ ಆಯಿಲ್ ಹಾಕಿ.’ ಚಾಲಕರ ನಡುವೆ ಬಾಯಿಂದ ಬಾಯಿಗೆ, ಮೊಬೈಲಿಂದ ಮೊಬೈಲಿಗೆ ಈ ಅರ್ಥದ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈರುಳ್ಳಿ, ತೆಂಗು, ಅಡಿಕೆ ಸಾಗಿಸುವ ಮನೆಗಳಲ್ಲಿ ಪಿಕಪ್ ಎಂದರೆ ದುಡಿಮೆ. ಸಾಲದ ಕಂತೂ ಅದೇ ಎಂಜಿನ್ ಮೇಲೆ ನಿಂತಿರುತ್ತದೆ. ಹಾಗಾಗಿ ಈ ಸಲಹೆ ಎಷ್ಟು ಸರಿ ಎಂದು ನೋಡೋಣ.

ಚಿಕ್ಕ ಉತ್ತರ

ಸೆನ್ಸರ್ ಕೆಟ್ಟಿರಬಹುದು ಎಂಬುದು ನಿಜ. ಆದರೆ ಅದನ್ನು ಊಹಿಸಿ ಗಾಡಿ ಓಡಿಸುವುದು ತಪ್ಪು. ಲೈಟ್ ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಎಂದು ತಿಳಿಯಲು ಪ್ರೆಷರ್ ಗೇಜ್ ಹಾಕಿ ಅಳೆಯಬೇಕು. ಅಲ್ಲಿಯವರೆಗೆ ಎಂಜಿನ್ ಆಫ್ ಇರಲಿ.

ಒತ್ತಡ ಎಲ್ಲಿಂದ ಬರುತ್ತದೆ?

ಎಂಜಿನ್ ಕೆಳಗಿನ ಸಂಪ್‌ನಲ್ಲಿರುವ ಆಯಿಲನ್ನು ಪಂಪ್ ಒಂದು ಜಾಲರಿಯ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕ್‌ನ ಬೇರಿಂಗ್‌ಗಳಿಗೆ ತಳ್ಳುತ್ತದೆ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಸಂದು ಕೂದಲೆಳೆಯಷ್ಟು ಕಿರಿದು. ಆಯಿಲ್ ಅಲ್ಲಿ ನುಸುಳಲು ತಿಣುಕುವುದರಿಂದಲೇ ಒತ್ತಡ ಹುಟ್ಟುತ್ತದೆ. ತೋಟದ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ರಭಸವಾಗುವ ಹಾಗೆ. ಬೇರಿಂಗ್ ಸವೆದರೆ ಬೆರಳು ಸಡಿಲಿಸಿದಂತೆ, ಒತ್ತಡ ಇಳಿಯುತ್ತದೆ.

ಈ ಆಯಿಲ್ ಪದರ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ಶಾಫ್ಟ್ ಕೂಡ ಇದೇ ಪದರದ ಮೇಲೆ ನಿಂತಿರುತ್ತದೆ.

‘ಮುಂದಿನ ಊರಿನಲ್ಲಿ ನೋಡೋಣ’ ಅನ್ನಬಹುದೇ?

ಬೇಡ. ಸಾಮಾನ್ಯವಾಗಿ ಈ ಲೈಟ್ ಹತ್ತುವುದು ಒತ್ತಡ ಸುಮಾರು ಅರ್ಧ ಬಾರ್‌ಗೆ, ಅಂದರೆ 7 ಪಿಎಸ್‌ಐ ಆಸುಪಾಸಿಗೆ ಇಳಿದಾಗ. ಬೈಕ್ ಟೈರಿಗೇ ನಾವು 25-30 ಪಿಎಸ್‌ಐ ಗಾಳಿ ಹಾಕಿಸುತ್ತೇವೆ. ಅಂದರೆ ಲೈಟ್ ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಕಡೂರಿನಿಂದ ಬೀರೂರು ಹತ್ತಿರವೇ, ಆರೇಳು ಕಿಲೋಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ 6 ಕಿ.ಮೀ.ಗೆ 9 ನಿಮಿಷ ಬೇಕು. ಎಂಜಿನ್ 2000 ಆರ್‌ಪಿಎಂನಲ್ಲಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ 18,000 ಸುತ್ತು ತಿರುಗುತ್ತದೆ. ಆಯಿಲ್ ಒತ್ತಡವಿಲ್ಲದೆ ಅಷ್ಟು ಸುತ್ತಿದರೆ ಬೇರಿಂಗ್ ಉಳಿಯುತ್ತದೆ ಎಂದು ಯಾವ ಮೆಕ್ಯಾನಿಕ್ಕೂ ಭರವಸೆ ಕೊಡಲಾರ. ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಟೋಯಿಂಗ್ ಖರ್ಚು ಎಂಜಿನ್ ಬಿಚ್ಚಿಸುವ ಖರ್ಚಿಗಿಂತ ಕಡಿಮೆ.

ಲೈಟ್ ಯಾವಾಗ ಹತ್ತುತ್ತದೆ ಎಂಬುದೇ ಸುಳಿವು

ಮೆಕ್ಯಾನಿಕ್ ಬಳಿ ‘ಲೈಟ್ ಬರ್ತಿದೆ’ ಎಂದಷ್ಟೇ ಹೇಳಬೇಡಿ. ಯಾವಾಗ ಬಂತು ಎಂದೂ ಹೇಳಿ.

• ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಮಾತ್ರ ಮಿಣುಕಿದರೆ: ಆಯಿಲ್ ಮಟ್ಟ ಕಡಿಮೆ ಇರಬಹುದು. ಆಯಿಲ್ ಒಂದು ಪಕ್ಕಕ್ಕೆ ವಾಲಿದಾಗ ಪಂಪ್ ಗಾಳಿ ಎಳೆಯುತ್ತದೆ.
• ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಆರಲು ತಡವಾದರೆ: ರಾತ್ರಿ ಫಿಲ್ಟರಿನಿಂದ ಆಯಿಲ್ ಕೆಳಗಿಳಿದಿರಬಹುದು. ಕಳಪೆ ಅಥವಾ ನಕಲಿ ಫಿಲ್ಟರಿನಲ್ಲಿ ಆಯಿಲ್ ತಡೆದಿಡುವ ರಬ್ಬರ್ ವಾಲ್ವ್ ಸರಿ ಇರುವುದಿಲ್ಲ.
• ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಏರಿನಂಥ ಕಡೆ ಲೋಡ್ ಎಳೆದು, ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟಾಗ ಮಾತ್ರ ಬಂದರೆ: ಬಿಸಿಗೆ ಆಯಿಲ್ ತೆಳುವಾಗುವುದು ಸಹಜ, ಆದರೆ ಲೈಟ್ ಬರುವಷ್ಟಲ್ಲ. ಬೇರಿಂಗ್ ಅಥವಾ ಪಂಪ್ ಸವೆದಿರಬಹುದು, ಇಲ್ಲವೇ ಆಯಿಲಿಗೆ ಡೀಸೆಲ್ ಸೇರಿರಬಹುದು.
• ಕೆಳಗಿನಿಂದ ಟಕ್ ಟಕ್ ಸದ್ದೂ ಇದ್ದರೆ: ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಮೊದಲು ಡಿಪ್‌ಸ್ಟಿಕ್. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಮಟ್ಟ ಕಡಿಮೆಯಾದರೆ ಸೋರಿಕೆ ಹುಡುಕಿ. ಹಾಕದಿದ್ದರೂ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿರಬಹುದು. ಡಿಪಿಎಫ್ ಇರುವ ಬಿಎಸ್6 ಗಾಡಿಗಳಲ್ಲಿ ಫಿಲ್ಟರಿನ ಮಸಿ ಸುಡುವ ಪ್ರಕ್ರಿಯೆ ಪದೇ ಪದೇ ಅರ್ಧಕ್ಕೆ ನಿಂತರೂ ಹೀಗಾಗಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಅಥವಾ ಕೂಲೆಂಟ್ ಸೇರಿದೆ. ಬರೀ ಕಪ್ಪಾಗಿದ್ದರೆ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಸೇರಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ.

ಎರಡನೆಯದು ಲೈಟ್ ಮತ್ತು ವೈರ್. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದಿದ್ದಾಗ ಆಯಿಲ್ ಲೈಟ್ ಹತ್ತಲೇಬೇಕು. ಹತ್ತದಿದ್ದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ವೈರ್ ಕಿತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವಾಗ ಇದನ್ನು ಮರೆಯದೆ ನೋಡಿ. ಒಂದೇ ವೈರಿನ ಹಳೆಯ ಸ್ವಿಚ್ ಇದ್ದರೆ, ಕೀ ಆನ್ ಇಟ್ಟು ಆ ವೈರ್ ತೆಗೆದಾಗ ಲೈಟ್ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಇದು ಪರೀಕ್ಷೆಗೆ ಮಾತ್ರ. ಕಿತ್ತ ವೈರ್ ಹಾಗೇ ಬಿಟ್ಟು ಓಡಿಸುವುದು ಕಾವಲು ನಾಯಿಯ ಬಾಯಿ ಕಟ್ಟಿ ಮಲಗಿದಂತೆ.

ಮೂರನೆಯದು ಗೇಜ್. ಎಂಜಿನ್ ಆಫ್ ಇರುವಾಗ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಕೂರಿಸಬೇಕು. ಬಿಸಿ ಆಯಿಲ್ ಚಿಮ್ಮಬಹುದು, ಹಾಗಾಗಿ ಇದು ಮೆಕ್ಯಾನಿಕ್ ಕೆಲಸ. ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಏಳದಿದ್ದರೆ ಆಫ್ ಮಾಡಬೇಕು. ಎದ್ದರೆ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಅಳೆಯಬೇಕು. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಹಳೆಯ ಅಂದಾಜು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಗೇಜ್ ಸರಿ ತೋರಿಸಿದರೆ ಸ್ವಿಚ್ ಬದಲಿಸಿದರೆ ಸಾಕು. ‘ಎಂಜಿನ್ ಹೋಯ್ತು, ಬೋರಿಂಗ್ ಮಾಡಿಸಿ’ ಎಂದು ಯಾರಾದರೂ ಹೇಳಿದರೆ ಮೊದಲು ಗೇಜ್ ರೀಡಿಂಗ್ ಕೇಳಿ. ಗೇಜ್ ಕೂಡ ಕಡಿಮೆ ತೋರಿಸಿದರೆ ಸಂಪ್ ಇಳಿಸಿ ಜಾಲರಿ, ರಿಲೀಫ್ ವಾಲ್ವ್, ಪಂಪ್, ಕೊನೆಗೆ ಬೇರಿಂಗ್ ನೋಡಬೇಕು. ಗ್ಯಾಸ್ಕೆಟ್‌ಗೆ ಅತಿಯಾಗಿ ಹಚ್ಚಿದ ಸಿಲಿಕಾನ್ ಪೇಸ್ಟಿನ ಚೂರು ಜಾಲರಿ ಮುಚ್ಚುವುದೂ ಉಂಟು.

ದಪ್ಪ ಆಯಿಲ್ ಹಾಕಿದರೆ?

ಮುಳ್ಳು ಮೇಲೇರುತ್ತದೆ, ಲೈಟ್ ಆರಲೂಬಹುದು. ಆದರೆ ಸವೆದ ಬೇರಿಂಗ್ ತುಂಬಿಕೊಳ್ಳುವುದಿಲ್ಲ. ಪಂಪ್ ಜಾಲರಿ ಕಟ್ಟಿದ್ದರೆ ದಪ್ಪ ಆಯಿಲ್ ಇನ್ನೂ ಕಷ್ಟದಿಂದ ಹಾಯುತ್ತದೆ. ಬೆಳಗಿನ ಚಳಿಯಲ್ಲಿ ಟರ್ಬೊಗೆ ತಲುಪುವುದೂ ತಡ. ಕಂಪನಿ 15ಡಬ್ಲ್ಯು-40 ಹೇಳಿದ್ದರೆ ಅದನ್ನೇ ಹಾಕಿ. ಹೆಚ್ಚು ತುಂಬಿಸುವುದೂ ಬೇಡ. ಕ್ರ್ಯಾಂಕ್ ಬಡಿದು ನೊರೆಯಾದರೆ ಒತ್ತಡ ಮತ್ತೆ ಬೀಳುತ್ತದೆ.

ಡೀಸೆಲ್ ಹಾಕಿ ಎಂಜಿನ್ ಒಳಗೆ ತೊಳೆಯುವ ಉಪಾಯವೂ ಅಪಾಯವೇ. ಒಳಗೆ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳುವಾಗಿಸುತ್ತದೆ, ಕಿತ್ತ ಜಿಡ್ಡು ಹೋಗಿ ಜಾಲರಿಗೆ ಕಟ್ಟಿಕೊಳ್ಳುತ್ತದೆ.

ನಮ್ಮ ತೀರ್ಮಾನ

‘ಲೈಟ್ ಬಂದರೆ ಸೆನ್ಸರ್ ತೊಂದರೆ, ದಪ್ಪ ಆಯಿಲ್ ಹಾಕಿ’ ಎಂಬುದು ದಾರಿ ತಪ್ಪಿಸುವ ಸಲಹೆ. ನಿಮ್ಮ ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ: ಕೆಂಪು ಆಯಿಲ್ ಲೈಟ್ ಬಂದರೆ ಎಂಜಿನ್ ಆಫ್. ಡಿಪ್‌ಸ್ಟಿಕ್ ನೋಡಿ. ಗೇಜ್ ಹಾಕಿಸದೆ ಓಡಿಸಬೇಡಿ, ಗೇಜ್ ನೋಡದೆ ಎಂಜಿನ್ ಬಿಚ್ಚಿಸಲೂಬೇಡಿ.